ವೀರಬಾಹುವಿಗೆ ನಿಯಮ ಬೇಡವೇ?

ಪತ್ರದ ಸಾರ: ಬೆಂಗಳೂರಿನ ವಿದ್ಯುತ್ ಚಿತಾಗಾರವೊಂದರಲ್ಲಿ ತಂದೆಯವರ ಅಂತ್ಯಸಂಸ್ಕಾರಕ್ಕೆ ರಸೀದಿಗಿಂತ ಹೆಚ್ಚು ಹಣ ಕೇಳಿದರು. ಅಸ್ಥಿಯ ಮಡಕೆ ಕೊಡುವಾಗ ಮತ್ತೆ ಕೈಚಾಚಿದರು. ಸ್ಮಶಾನದ ಸಿಬ್ಬಂದಿಗೆ ನೀತಿಸಂಹಿತೆ ತಂದು, ತಪ್ಪಿದವರನ್ನು ಮನೆಗೆ ಕಳಿಸಬೇಕು. – ಓದುಗರು, ಬೆಂಗಳೂರು

ಸಂಪಾದಕರ ಉತ್ತರ: ತಂದೆಯವರನ್ನು ಕಳೆದುಕೊಂಡ ನಿಮಗೆ ನಮ್ಮ ಸಂತಾಪ. ಹೆಣ ಮುಂದಿಟ್ಟುಕೊಂಡು ಹಣ ಕೀಳುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಲುಮೆಯ ಮುಂದೆ ನಿಂತವನ ಮೇಲೆ ನಿಮಗೆ ಇಷ್ಟೊಂದು ಸಿಟ್ಟು. ಅವನನ್ನು ಅಲ್ಲಿ ನಿಲ್ಲಿಸಿದವರ ಬಗ್ಗೆ ಒಂದಕ್ಷರವೂ ಇಲ್ಲವಲ್ಲ ಸ್ವಾಮಿ!

ಹರಿಶ್ಚಂದ್ರ ಸ್ವಂತ ಮಗನ ಹೆಣಕ್ಕೂ ಸುಡುಗಾಡಿನ ತೆರಿಗೆ ಬಿಡಲಿಲ್ಲವೆಂದು ಎಲ್ಲರೂ ಕಣ್ಣೀರಿಡುತ್ತೇವೆ. ಆ ಸುಡುಗಾಡಿಗೊಬ್ಬ ಒಡೆಯನಿದ್ದ, ವೀರಬಾಹು. ತೆರಿಗೆ ಅವನದು, ಹರಿಶ್ಚಂದ್ರನನ್ನು ಕಾವಲಿಗೆ ನಿಲ್ಲಿಸಿದವನೂ ಅವನೇ. 2022ರಲ್ಲಿ ನಮ್ಮ ಸರ್ಕಾರ ಸ್ಮಶಾನ ಕಾರ್ಮಿಕರಿಗೆ ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಹೆಸರಿಟ್ಟಿತು. ಹೆಸರೇನೋ ಭರ್ಜರಿ. ಬಾಕಿ ಸಂಬಳಕ್ಕಾಗಿ ಇದೇ ಬಳಗ ಧರಣಿ ಕೂತದ್ದನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ. ಹರಿಶ್ಚಂದ್ರನಿಗೆ ಬಿರುದು ಕೊಟ್ಟವರು ವೀರಬಾಹುವಿನ ಜವಾಬ್ದಾರಿ ಏನೆಂದು ಎಲ್ಲೂ ಬರೆದಿಡಲಿಲ್ಲ.

ಆ ಮಡಕೆ ನಿಮ್ಮ ಕೈಗೆ ಬರುವ ಮೊದಲು ಏನಾಗುತ್ತದೆಂದು ನಿಂತು ನೋಡಿದ್ದೀರಾ? ಕುಲುಮೆಯ ಬಾಗಿಲು ಎತ್ತಿದರೆ ದೂರದಲ್ಲಿದ್ದವರ ಮುಖಕ್ಕೂ ಝಳ ಹೊಡೆಯುತ್ತದೆ. ಉದ್ದನೆಯ ಕಬ್ಬಿಣದ ಸಲಾಕೆಯಿಂದ ಬೂದಿ ಎಳೆದು, ಮೂಳೆ ಆರಿಸಿ, ಮಡಕೆಗೆ ತುಂಬಿ, ಅದರ ಬಾಯಿಗೆ ಬಟ್ಟೆ ಕಟ್ಟಬೇಕು. ಅಷ್ಟರಲ್ಲಿ ಹೊರಗೆ ಮುಂದಿನ ಆಂಬುಲೆನ್ಸ್. 2021ರ ಕೋವಿಡ್ ಎರಡನೇ ಅಲೆಯಲ್ಲಿ ಸುಮನಹಳ್ಳಿ, ಮೇಡಿ ಅಗ್ರಹಾರದ ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು. ಚಾಮರಾಜಪೇಟೆಯ ಸ್ಮಶಾನದ ಗೇಟಿಗೆ ‘ಹೌಸ್‌ಫುಲ್’ ಬೋರ್ಡು. ಮನೆಮಂದಿಯೇ ಹೆಣ ಮುಟ್ಟಲು ಹೆದರುತ್ತಿದ್ದ ದಿನಗಳಲ್ಲಿ ಮುಟ್ಟಿದವರು ಇವರು. ಆಗ ಯಾರೂ ಇವರ ನೀತಿಸಂಹಿತೆ ಕೇಳಲಿಲ್ಲ.

ಅಮೆರಿಕದ ಒಂದು ಪ್ರಸಂಗ ಹೇಳಬೇಕು. ಷಿಕಾಗೊ ಬಳಿಯ ಬರ್ ಓಕ್ ಕಪ್ಪು ಜನರ ಹಳೆಯ ಸ್ಮಶಾನ. ಅಲ್ಲಿ ನೂರಾರು ಗೋರಿ ಅಗೆದು, ಮೂಳೆಗಳನ್ನು ಮೂಲೆಗೆ ಸುರಿದು, ಅದೇ ಜಾಗವನ್ನು ಮತ್ತೆ ಮಾರಿದ್ದು 2009ರಲ್ಲಿ ಬಯಲಾಯಿತು. 1955ರಲ್ಲಿ ಬಿಳಿಯರು ಕೊಂದ 14 ವರ್ಷದ ಹುಡುಗ ಎಮೆಟ್ ಟಿಲ್‌ನ ಮೊದಲ ಶವಪೆಟ್ಟಿಗೆ ಅಲ್ಲಿನ ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಗುದ್ದಲಿ ಹಿಡಿದವರ ಮೇಲೂ ಕೇಸಾಯಿತು, ನಿಜ. ಆದರೆ 12 ವರ್ಷ ಶಿಕ್ಷೆಯಾದದ್ದು ಕಚೇರಿಯಲ್ಲಿ ಕೂತಿದ್ದ ಮ್ಯಾನೇಜರ್‌ಗೆ. ಹಗರಣ ಬಯಲಾದ ಮರುವರ್ಷವೇ, 2010ರಲ್ಲಿ, ಇಲಿನಾಯ್ ರಾಜ್ಯ ಸ್ಮಶಾನ ನಡೆಸುವವರ ಮೇಲೆಯೇ ನಿಗಾ ಇಡುವ ಕಾನೂನು ತಂದಿತು. ನಿಯಮ ಅಲ್ಲಿಂದ ಶುರುವಾಗಬೇಕು ಎನ್ನುವುದೇ ನಮ್ಮ ವಾದ. ಗೇಟಿನಲ್ಲಿ ದೊಡ್ಡಕ್ಷರದ ದರಪಟ್ಟಿ ಹಾಕಿಸುವುದು, ಯಾರ ಅಸ್ಥಿ ಯಾವ ಮಡಕೆಯಲ್ಲಿದೆ ಎಂದು ಪುಸ್ತಕದಲ್ಲಿ ಬರೆಸುವುದು, ಕೆಟ್ಟ ಕುಲುಮೆ ರಿಪೇರಿ ಮಾಡಿಸುವುದು ಪಾಲಿಕೆಯ ಕೆಲಸ. ಕಾರ್ಮಿಕನ ಸಂಬಳ ಒಂದನೇ ತಾರೀಖಿಗೆ ಕೈಸೇರಲಿ, ಆಮೇಲೂ ಕೈಚಾಚಿದರೆ ನಿಮ್ಮ ಜೊತೆ ನಾವೂ ಬೈಯುತ್ತೇವೆ.

ಇದೆಲ್ಲ ಸ್ಮಶಾನ ಇರುವ ಊರಿನ ಮಾತು. ಹಳ್ಳಿ ಹಳ್ಳಿಗೂ ಸ್ಮಶಾನಕ್ಕೆ ಜಾಗ ಕೊಡಿ ಎಂದು ಹೈಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿದ್ದು ಮರೆತಿಲ್ಲ ತಾನೇ? ದಲಿತರ ಹೆಣ ಯಾರ ಹೊಲ ದಾಟಿ ಹೋಗಬೇಕೆಂಬ ಜಗಳ ಇನ್ನೂ ನಡೆದೇ ಇದೆ. ಲೇಔಟಿಗೆ, ರಸ್ತೆಗೆ, ಸಮುದಾಯ ಭವನಕ್ಕೆ ಸಿಗುವ ಸರ್ವೆ ನಂಬರು ಹೂಳುವುದಕ್ಕೆ ಮಾತ್ರ ಸಿಗುವುದಿಲ್ಲ. ಈ ಬಗ್ಗೆ ನಮಗೆ ಬರುವ ಪತ್ರಗಳು ಕಡಿಮೆ. ಭಕ್ಷೀಸಿನ ಬಗ್ಗೆ ಬೇಕಾದಷ್ಟು ಬರುತ್ತವೆ.

ನಿಮ್ಮ ರಸೀದಿ ಇದ್ದರೆ ಅದರ ನಕಲು ಕಳಿಸಿ. ಮೇಲೆ ಎಷ್ಟು ಕೊಟ್ಟಿರಿ, ದರಪಟ್ಟಿ ಎಲ್ಲಾದರೂ ತೂಗುಹಾಕಿತ್ತೇ ಎಂಬುದನ್ನೂ ಬರೆಯಿರಿ. ಪಾಲಿಕೆಗೆ ನಾವೇ ಕಳಿಸುತ್ತೇವೆ. ಮಡಕೆ ಕೊಟ್ಟವನ ಹೆಸರು ಮಾತ್ರ ಬೇಡ.