ಕುಬರ್ನೆಟಿಸ್‌ನಲ್ಲಿ ನೋಡ್ ಖಾಲಿ ಇದ್ದರೂ ಪಾಡ್ ಪೆಂಡಿಂಗ್ ಯಾಕೆ?

4 ಕೋರ್‌ನ ನೋಡ್‌ನಲ್ಲಿ (ಪಾಡ್‌ಗಳು ಓಡುವ ಯಂತ್ರ) ಸಿಪಿಯು ಬಳಕೆ 20% ದಾಟಿಲ್ಲ, ಆದರೂ 1 ಕೋರ್ ಕೇಳುವ ನಾಲ್ಕನೇ ಪಾಡ್ (ಆ್ಯಪ್‌ನ ಕಂಟೇನರ್ ಓಡುವ ಘಟಕ) ಪೆಂಡಿಂಗ್‌ನಲ್ಲೇ ಇದೆ, ಅಂದರೆ ನೋಡ್ ಸಿಗದೆ ಕಾಯುತ್ತಿದೆ ಅಂದಿರಿ. ಕುಬರ್ನೆಟಿಸ್ ಶೆಡ್ಯೂಲರ್ (ಪಾಡ್ ಯಾವ ನೋಡ್‌ಗೆ ಎಂದು ನಿರ್ಧರಿಸುವ ಭಾಗ) ನಿಜವಾದ ಬಳಕೆ ನೋಡುವುದಿಲ್ಲ, ರಿಕ್ವೆಸ್ಟ್‌ಗಳ (ಪಾಡ್‌ಗಳು ಮೊದಲೇ ಕೇಳಿಟ್ಟ ಪಾಲು) ಮೊತ್ತವನ್ನಷ್ಟೇ ನೋಡುತ್ತದೆ. ನೋಡ್‌ನ 4 ಕೋರ್‌ನಲ್ಲಿ ಸ್ವಲ್ಪ ಕ್ಯೂಬ್ಲೆಟ್‌ಗೆ (ನೋಡ್‌ನಲ್ಲಿ ಪಾಡ್‌ಗಳನ್ನು ನಡೆಸುವ ಪ್ರೋಗ್ರಾಂ), ಆಪರೇಟಿಂಗ್ ಸಿಸ್ಟಮ್‌ಗೆ ಮೀಸಲು. ಜೊತೆಗೆ ಸಿಸ್ಟಮ್ ಪಾಡ್‌ಗಳ ಪಾಲು. ಹಾಗಾಗಿ ಮೂರು ಪಾಡ್ ಆದಮೇಲೆ ಪೂರ್ತಿ ಒಂದು ಕೋರ್ ಉಳಿಯುವುದೇ ಇಲ್ಲ.

ಮೊದಲು ‘ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ನೋಡ್’ ಕಮಾಂಡ್ ಕೊಟ್ಟು ಕೊನೆಯ ಹತ್ತಿರದ ‘ಅಲೊಕೇಟೆಡ್ ರಿಸೋರ್ಸಸ್’ ಭಾಗ ನೋಡಿ. ಪಾಡ್ ಮೇಲೂ ಡಿಸ್ಕ್ರೈಬ್ ಕೊಡಿ, ಈವೆಂಟ್ಸ್‌ನಲ್ಲಿ ‘ಇನ್‌ಸಫಿಶಿಯೆಂಟ್ ಸಿಪಿಯು’ ಎಂದಿದ್ದರೆ ಕಾರಣ ಇದೇ. ಟೇಂಟ್ (ಪಾಡ್‌ಗಳನ್ನು ದೂರವಿಡುವ ನೋಡ್‌ನ ಗುರುತು) ಅಥವಾ ವಾಲ್ಯೂಮ್ (ಪಾಡ್‌ನ ಸಂಗ್ರಹ ಜಾಗ) ಎಂದಿದ್ದರೆ ದಾರಿಯೇ ಬೇರೆ.

ಒಂದು ವಾರದ ಗ್ರಾಫ್ ನೋಡಿ, ಪೀಕ್ 200 ಮಿಲಿಕೋರ್ (1 ಕೋರ್ ಅಂದರೆ 1000 ಮಿಲಿಕೋರ್) ಇದ್ದರೆ ರಿಕ್ವೆಸ್ಟ್ 250ಕ್ಕೆ ಇಳಿಸಿ. ಮೆಮೊರಿಯಲ್ಲಿ ಮಾತ್ರ ಈ ಜಿಪುಣತನ ಬೇಡ: ಸಿಪಿಯು ಲಿಮಿಟ್ (ಬಳಕೆಯ ಗರಿಷ್ಠ ಮಿತಿ) ಮೀರಿದರೆ ಪಾಡ್ ನಿಧಾನವಾಗುತ್ತದೆ ಅಷ್ಟೇ, ಮೆಮೊರಿ ಲಿಮಿಟ್ ಮೀರಿದರೆ ಕಂಟೇನರ್ ಎಕ್ಸಿಟ್ ಕೋಡ್ 137ರೊಂದಿಗೆ ಸಾಯುತ್ತದೆ. ಮೆಮೊರಿಗೆ ರಿಕ್ವೆಸ್ಟ್, ಲಿಮಿಟ್ ಎರಡನ್ನೂ ಒಂದೇ ಇಡುವುದು ನನ್ನ ಆಯ್ಕೆ.

ಎಚ್‌ಪಿಎ (ಬಳಕೆಗೆ ತಕ್ಕಂತೆ ಪಾಡ್‌ಗಳ ಸಂಖ್ಯೆಯನ್ನು ತಾನೇ ಬದಲಿಸುವ ವ್ಯವಸ್ಥೆ) ಹಾಕಿದ್ದೀರಾ? ಅದರ ಶೇಕಡಾವಾರು ಲೆಕ್ಕ ರಿಕ್ವೆಸ್ಟ್ ಮೇಲೆಯೇ ನಿಂತಿದೆ. 1 ಕೋರ್‌ನ 20% ಆಗಿದ್ದದ್ದು ಈಗ 250ರ 80% ಆಗುತ್ತದೆ. ಟಾರ್ಗೆಟ್ 50% ಇದ್ದರೆ ತಕ್ಷಣ ಪಾಡ್‌ಗಳು ಹೆಚ್ಚುತ್ತವೆ. ರಿಕ್ವೆಸ್ಟ್, ಟಾರ್ಗೆಟ್ ಎರಡನ್ನೂ ಒಟ್ಟಿಗೇ ಬದಲಿಸಿ.