‘ಬಿಳಿ ಧೂಳು’ ಕಥೆ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ‘ಬಿಳಿ ಧೂಳು’ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ‘ವಿಷಾದಿಸುತ್ತೇವೆ’ ಅಂತ ಎರಡು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ನಿಮ್ಮ ಮೂರನೇ ಪುಟ ಓದಿದ ಮೇಲೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ತಿಪಟೂರಿನ ಹತ್ತಿರ ಒಂದು ಊರು. ಗಂಡ ಹೋದ ಮೇಲೆ ಹಿಟ್ಟಿನ ಗಿರಣಿಯನ್ನು ತಾನೇ ನಡೆಸಿಕೊಂಡು ಬಂದ ತಾಯಿ. ಅದನ್ನು ಮಾರಿಸಲು ಬೆಂಗಳೂರಿನಿಂದ ಬರುವ ಮಗ. ಕಥೆ ಹೇಳುವವನು ಆ ಮಗನೇ. ತಾಯಿ ಕೊನೆಗೂ ಒಪ್ಪುತ್ತಾಳೆ. ಮಗ ತಿಂಗಳ ಹಿಂದೆಯೇ ಅಡ್ವಾನ್ಸ್ ಇಸಕೊಂಡಿದ್ದ ಅನ್ನುವುದು ನಮಗೆ ಆಗ ಗೊತ್ತಾಗುತ್ತದೆ. ಎಲ್ಲರ ಮನೆಯಲ್ಲೂ ನಡೆಯಬಹುದಾದ ಕಥೆ, ಆದ್ದರಿಂದಲೇ ಬರೆಯುವುದು ಕಷ್ಟ.

ಮೂರನೇ ಪುಟದಲ್ಲಿ ಒಬ್ಬ ಮೆಣಸಿನಕಾಯಿ ಬೀಸಿಸಲು ಬರುತ್ತಾನೆ. ಅಮ್ಮ ಅವನನ್ನು ಸಂಜೆವರೆಗೂ ಕಾಯಿಸುತ್ತಾಳೆ. ಖಾರ ಬೀಸಿದ ಕಲ್ಲಿಗೆ ಅವತ್ತು ಯಾರ ಗೋಧಿಯನ್ನೂ ಹಾಕುವಂತಿಲ್ಲ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಡಬ್ಬಗಳನ್ನು ಕಟ್ಟೆಯ ಮೇಲೆ ಸಾಲಾಗಿ ಬಿಟ್ಟು ಜನ ಮನೆಗೆ ಹೋಗುತ್ತಾರೆ. ಯಾವ ಡಬ್ಬ ಯಾರದು ಅಂತ ಅಮ್ಮನಿಗೆ ಮುಚ್ಚಳ ನೋಡಿಯೇ ಗೊತ್ತು. ಕರೆಂಟ್ ಬಂದ ಮೇಲೆ ಬಿಸಿ ಹಿಟ್ಟನ್ನು ಎರಡು ಬೆರಳ ಮಧ್ಯೆ ಉಜ್ಜಿ ನೋಡಿ, ತಲೆ ಎತ್ತದೆ ‘ಇನ್ನೊಂದ್ ಸಲ ಹಾಕು’ ಅನ್ನುತ್ತಾಳೆ. ಈ ಪುಟದಲ್ಲಿ ಒಂದೇ ಒಂದು ಉಪಮೆ ಇಲ್ಲ. ಅವಳು ಗಿರಣಿಯನ್ನು ಯಾಕೆ ಬಿಡಲಾರಳು ಅಂತ ನನಗೆ ಅರ್ಥವಾಗಿದ್ದು ಇಲ್ಲೇ.

ಉಳಿದ ಪುಟಗಳಲ್ಲಿ ನಿಮಗೆ ಗೊತ್ತಿರುವ ತಂತ್ರಗಳೆಲ್ಲ ಮದುವೆಮನೆಯ ಗ್ರೂಪ್ ಫೋಟೋಗೆ ನಿಂತ ಹಾಗೆ ನಿಂತಿವೆ. ಫ್ಲ್ಯಾಷ್‌ಬ್ಯಾಕ್, ಕನಸು, ಕಿಟಕಿಗೆ ಬಂದು ಕೂರುವ ಕಾಗೆ, ಕೊನೆಗೊಂದು ತಿರುವು. ಇವನ್ನೆಲ್ಲ ಕರೆಯುವ ಮೊದಲು ನೀವು ತೀರ್ಮಾನ ಮಾಡಬೇಕಿದ್ದ ವಿಷಯ ಬೇರೆ ಇತ್ತು. ಈ ಕಥೆಯನ್ನು ಹೇಳುತ್ತಿರುವವನು ಯಾರು? ಯಾವಾಗ ಹೇಳುತ್ತಿದ್ದಾನೆ? ಅವನಿಗೆ ಏನೇನು ಗೊತ್ತು? ನಿಮ್ಮ ಕಥೆಯ ಮುಕ್ಕಾಲು ತೊಂದರೆ ಇಲ್ಲಿಂದಲೇ ಹುಟ್ಟಿದೆ.

ಆರನೇ ಪುಟ ನೋಡಿ. ‘ಅಮ್ಮ ರಾತ್ರಿಯಿಡೀ ಒಬ್ಬಳೇ ಅಳುತ್ತಿದ್ದಳು. ಅಪ್ಪ ಗಿರಣಿಗೆ ಪೂಜೆ ಮಾಡಿದ ದಿನ ಅವಳ ಕಣ್ಣ ಮುಂದೆ ಬಂತು’ ಎಂದು ಬರೆದಿದ್ದೀರಿ. ಆ ರಾತ್ರಿ ನಿಮ್ಮ ‘ನಾನು’ ಯಶವಂತಪುರ ದಾಟಿದ ಬಸ್ಸಿನಲ್ಲಿ ಕೂತಿದ್ದಾನೆ. ಅಮ್ಮ ಅತ್ತಿದ್ದು ಅವನಿಗೆ ಹೇಗೆ ಗೊತ್ತಾಯಿತು? ಅವಳ ಕಣ್ಣ ಮುಂದೆ ಏನು ಬಂತು ಅನ್ನುವುದಂತೂ ಪಕ್ಕದಲ್ಲೇ ಕೂತಿದ್ದರೂ ಗೊತ್ತಾಗುವುದಿಲ್ಲ, ಅಲ್ವಾ? ಮಾಸ್ತಿಯವರ ಎಷ್ಟೋ ಕಥೆಗಳು ತಮಗೆ ಈ ಸಂಗತಿ ಯಾರಿಂದ ತಿಳಿಯಿತು ಅನ್ನುವುದನ್ನು ಹೇಳಿಕೊಂಡೇ ಮುಂದೆ ಹೋಗುತ್ತವೆ. ಹಳೇ ಕಾಲದ ಪೀಠಿಕೆ ಅಂತ ಈಗಿನವರು ಅದನ್ನು ಹಾರಿಸಿ ಓದುತ್ತಾರೆ. ಆದರೆ ಹೇಳುವವನ ಮೇಲೆ ನಂಬಿಕೆ ಹುಟ್ಟುವುದು ಅಲ್ಲೇ. ನಿಮಗೆ ಅಷ್ಟುದ್ದದ ಪೀಠಿಕೆಯೂ ಬೇಡ. ‘ಅವತ್ತು ರಾತ್ರಿ ದೀಪ ಆರಿಸಲೇ ಇಲ್ಲವಂತೆ, ಎದುರು ಮನೆಯವರು ಹೇಳಿದರು’ ಅಂದರೆ ಸಾಕು. ಅಳು ತಾನಾಗಿ ಕೇಳಿಸುತ್ತದೆ. ಜೊತೆಗೆ, ಮಗನಿಗೆ ಇದನ್ನು ಬೇರೆಯವರಿಂದ ತಿಳಿಯಬೇಕಾಯಿತು ಅನ್ನುವ ಚುಚ್ಚು ಬೇರೆ ಸಿಗುತ್ತದೆ.

ಅಮ್ಮನ ಮನಸ್ಸಿನ ಒಳಗೇ ಹೋಗಬೇಕು ಅನ್ನುವ ಆಸೆ ಇದ್ದರೆ ‘ನಾನು’ ಬಿಟ್ಟು ‘ಅವಳು’ ಅಂತ ಬರೆಯಿರಿ. ಅದೂ ಒಳ್ಳೆಯ ದಾರಿಯೇ. ಆದರೆ ಆಗ ಅಡ್ವಾನ್ಸಿನ ವಿಷಯ ಅವಳಿಗೆ ಗೊತ್ತಾಗುವ ಗಳಿಗೆಯೇ ಕಥೆಯ ನಡುಬಿಂದು ಆಗುತ್ತದೆ, ಅದು ಬೇರೆಯೇ ಕಥೆ. ನನ್ನ ಕೇಳಿದರೆ ಮಗನೇ ಹೇಳಲಿ. ತಪ್ಪು ಮಾಡಿದವನ ಬಾಯಲ್ಲಿ ಕೇಳುವುದಕ್ಕೆ ಜಾಸ್ತಿ ರುಚಿ.

ಈಗ ಆ ತಿರುವಿಗೆ ಬರೋಣ. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಇಲ್ಲಿ. ಎರಡನೇ ಪುಟದಲ್ಲಿ ‘ಅಮ್ಮನನ್ನು ಹೇಗೆ ಒಪ್ಪಿಸುವುದೋ ತಿಳಿಯಲಿಲ್ಲ. ಗಿರಣಿ ಮಾರುವ ಯೋಚನೆಯೇ ನನ್ನ ಎದೆ ಹಿಂಡುತ್ತಿತ್ತು’ ಅನ್ನುತ್ತಾನೆ. ಅಡ್ವಾನ್ಸ್ ಆಗಲೇ ಅವನ ಅಕೌಂಟಿಗೆ ಬಿದ್ದಿದೆ! ಅವನು ಅಮ್ಮನಿಗೆ ಸುಳ್ಳು ಹೇಳಲಿ, ಅದೇ ಕಥೆ. ಆದರೆ ತನ್ನೊಳಗೇ ಮಾತಾಡಿಕೊಳ್ಳುವಾಗ ಗೊತ್ತಿಲ್ಲದವನಂತೆ ನಟಿಸಿದರೆ ಅದು ನಿರೂಪಕನ ಸುಳ್ಳಲ್ಲ, ನಿಮ್ಮ ಸುಳ್ಳು. ಅಗಾಥಾ ಕ್ರಿಸ್ಟಿಯ 1926ರ ಪತ್ತೇದಾರಿ ಕಾದಂಬರಿಯೊಂದಿದೆ (ಹೆಸರು ಹೇಳಿದರೆ ಓದದವರ ಮಜಾ ಹಾಳು). ಕೊನೆ ಗೊತ್ತಾದ ಮೇಲೆ ಮೊದಲಿನಿಂದ ಓದಿದರೆ, ನಿರೂಪಕ ಎಷ್ಟು ಎಚ್ಚರದಿಂದ ಪದ ಆರಿಸಿದ್ದಾನೆ ಅನ್ನುವುದು ಕಾಣುತ್ತದೆ. ಮಾಡಿದ್ದನ್ನು ಅವನು ಹೇಳಿಲ್ಲ, ಹಾರಿಸಿದ್ದಾನೆ ಅಷ್ಟೆ.

ಕನ್ನಡದ್ದೇ ಬೇಕೆಂದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಗೆದುಕೊಳ್ಳಿ. ಅಲ್ಲಿನ ‘ನಾನು’ವಿಗೆ ಕೊನೆಯವರೆಗೂ ಹೆಸರಿಲ್ಲ. ಕಾಫಿ ಹೌಸಿನಲ್ಲಿ ಕೂತು ಮನೆಯವರ ಬಗ್ಗೆ, ಇರುವೆಗಳ ಬಗ್ಗೆ, ಮಸಾಲೆ ವ್ಯಾಪಾರದ ಬಗ್ಗೆ ಹೇಳುತ್ತ ಹೋಗುತ್ತಾನೆ. ಇದರಲ್ಲೆಲ್ಲ ತನ್ನ ಪಾಲು ಎಷ್ಟು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಅವನಿಗಿಂತ ಮುಂಚೆ ನಮಗೆ ಹೆದರಿಕೆ ಶುರುವಾಗುತ್ತದೆ. ನಂಬಲಾಗದ ನಿರೂಪಕ ಅಂದರೆ ಹೀಗೆ. ಅವನು ಏನನ್ನು ನೋಡುತ್ತಾನೆ, ಯಾವುದರಿಂದ ಮುಖ ತಿರುಗಿಸುತ್ತಾನೆ ಅನ್ನುವುದರಲ್ಲೇ ಓದುಗನಿಗೆ ಬೇಕಾದದ್ದು ಸಿಗುತ್ತಿರುತ್ತದೆ.

ಎದೆ ಹಿಂಡುವ ಆ ಸಾಲಿನ ಬದಲು ಹೀಗೆ ಬರೆದು ನೋಡಿ:

‘ಅಮ್ಮ ಕಾಫಿ ತಂದಿಟ್ಟಳು. ಫೋನ್ ಬಂತು. ನಂಬರ್ ನೋಡಿ ಕಟ್ ಮಾಡಿದೆ.
“ಯಾರ್ದು?”
“ಬ್ಯಾಂಕ್‌ನೋರು. ಸಾಲ ಬೇಕಾ ಅಂತ ತಲೆ ತಿಂತಾರೆ.”
“ನಂಗೂ ಮಾಡ್ತಾರೆ ಕಣೋ” ಅಂದಳು.’

ಮೊದಲ ಸಲ ಓದುವವರು ಸುಮ್ನೆ ದಾಟಿ ಹೋಗುತ್ತಾರೆ. ಕೊನೆ ಮುಟ್ಟಿದ ಮೇಲೆ ಆ ಫೋನ್ ನೆನಪಾಗುತ್ತದೆ. ಇದು ನಿಮ್ಮ ವಾಕ್ಯಕ್ಕಿಂತ ಚೆನ್ನಾಗಿದೆ ಅಂತ ನನ್ನ ವಾದವಲ್ಲ, ಆದರೆ ಇದರಲ್ಲಿ ಮೋಸ ಇಲ್ಲ. ರಂಗದ ಮೇಲೆ ಗುಂಡು ತುಂಬಿದ ಬಂದೂಕು ಇಟ್ಟರೆ ಅದು ಹಾರಲೇಬೇಕು ಅನ್ನುವ ಅರ್ಥದ ಮಾತನ್ನು ರಷ್ಯದ ಕಥೆಗಾರ, ನಾಟಕಕಾರ ಚೆಕಾಫ್ 1889ರ ಒಂದು ಪತ್ರದಲ್ಲಿ ಬರೆದಿದ್ದಾನೆ. ನಿಮ್ಮ ಕಥೆಯಲ್ಲಿ ಇದು ಎರಡೂ ಕಡೆಯಿಂದ ಕೆಟ್ಟಿದೆ. ಮೊದಲ ಪುಟದಲ್ಲಿ ಬೀಗ ಹಾಕಿದ ಟ್ರಂಕು ತೋರಿಸಿದ್ದೀರಿ, ಅದನ್ನು ಯಾರೂ ತೆಗೆಯುವುದೇ ಇಲ್ಲ. ಕೊನೆಯಲ್ಲಿ ಹಾರುವ ಗುಂಡಿಗೆ ಬಂದೂಕೇ ಇಲ್ಲ. ಟ್ರಂಕು ತೆಗೆದುಹಾಕಿ, ಆ ಜಾಗದಲ್ಲಿ ಫೋನ್ ಇಡಿ.

ಕನಸು, ಕಾಗೆ ಎರಡೂ ಬೇಡ. ಇದರ ಬಗ್ಗೆ ಚರ್ಚೆಯೂ ಬೇಡ.

ಫ್ಲ್ಯಾಷ್‌ಬ್ಯಾಕ್ ಬೇಕು, ಆದರೆ ಈಗಿರುವ ಹಾಗಲ್ಲ. ಕಿಟಕಿಯಾಚೆ ನೋಡುತ್ತ ‘ನೆನಪುಗಳ ಸುರುಳಿ ಬಿಚ್ಚಿಕೊಂಡಿತು’ ಅಂತ ಶುರುಮಾಡಿ, ಅಪ್ಪನ ಬಾಲ್ಯದಿಂದ ಸಾವಿನವರೆಗೆ ಎರಡು ಪುಟ ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ಅಷ್ಟು ಹೊತ್ತು ಗಿರಣಿ ನಿಂತಿರುತ್ತದೆ, ಕಥೆಯೂ ನಿಂತಿರುತ್ತದೆ. ಈ ಮಗ ಮಾರಾಟ ಮುಗಿದ ಮೇಲೆ ಹಿಂದೆ ತಿರುಗಿ ಹೇಳುತ್ತಿದ್ದಾನೆ ಅಂತಿಟ್ಟುಕೊಳ್ಳಿ. ಆಗ ಅಪ್ಪನ ಬಗ್ಗೆ ಎಲ್ಲವನ್ನೂ ನೆನೆಯುವ ಧೈರ್ಯ ಅವನಿಗೆ ಇರುತ್ತದೆಯೇ? ಬೆಲ್ಟ್ ಬದಲಾಯಿಸುವಾಗ ಒಂದು ಸಾಲು, ಕರೆಂಟ್ ಬಿಲ್ ಇನ್ನೂ ಅಪ್ಪನ ಹೆಸರಿನಲ್ಲೇ ಬರುವುದು ನೋಡಿ ಇನ್ನೊಂದು ಸಾಲು. ಚೂರುಚೂರಾಗಿ ಬಂದರೆ ಸಾಕು, ಜೋಡಿಸುವ ಕೆಲಸ ನಮಗೆ ಬಿಡಿ.

ಇನ್ನು ಧೂಳು. ‘ಆ ಬಿಳಿ ಧೂಳು ಅಮ್ಮನ ಬಾಳಿನ ಸಂಕೇತದಂತಿತ್ತು’ ಅಂತ ನೀವೇ ಬರೆದುಬಿಟ್ಟಿದ್ದೀರಿ. ಹೀಗೆ ಬರೆದರೆ ನೋಟ್ಸ್ ಬರೆಯುವ ಲೆಕ್ಚರರ್‌ಗೆ ಕೆಲಸ ಏನು ಉಳಿಯಿತು? ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ಆ ಹುಂಜ ಏನನ್ನು ಸೂಚಿಸುತ್ತದೆ ಅಂತ ಓದಿದವರು ಎಷ್ಟು ಬೇಕಾದರೂ ಮಾತಾಡಬಹುದು. ಸಾಕವ್ವನಿಗೆ ಅದು ಅವಳ ಹುಂಜ, ಸಿಗಲೇಬೇಕು, ಅಷ್ಟೆ. ನಿಮ್ಮ ಧೂಳೂ ಮೊದಲು ಧೂಳಾಗಲಿ. ಅಮ್ಮನ ಹುಬ್ಬಿನ ಮೇಲೆ ಕೂರಲಿ, ಮಗನ ಲ್ಯಾಪ್‌ಟಾಪ್ ಬ್ಯಾಗಿನ ಮೇಲೂ ಕೂರಲಿ. ಅವನು ಒರೆಸಿಕೊಳ್ಳುತ್ತಾನೋ ಇಲ್ಲವೋ ಅನ್ನುವುದನ್ನು ಮಾತ್ರ ಹೇಳಿ.

ಒಡಲಾಳದ ಮಾತು ಬಂತಲ್ಲ, ಅಲ್ಲಿನ ಜನ ಮಾತಾಡುವುದನ್ನು ಇನ್ನೊಮ್ಮೆ ಓದಿ. ಪಕ್ಕಾ ನಂಜನಗೂಡು ಸೀಮೆಯ ಮಾತು. ನಿಮ್ಮ ಅಮ್ಮ ಮೂರನೇ ಪುಟದಲ್ಲಿ ತಿಪಟೂರಿನವಳು, ಏಳನೇ ಪುಟಕ್ಕೆ ಬರುವಷ್ಟರಲ್ಲಿ ‘ಮಗನೇ, ನೀನು ನನ್ನ ಭಾವನೆಗಳನ್ನು ಅರ್ಥಮಾಡಿಕೊಳ್ಳಲಿಲ್ಲ’ ಅನ್ನುತ್ತಾಳೆ. ಯಾವ ಊರಿನ ಯಾವ ತಾಯಿ ಹೀಗೆ ಮಾತಾಡುತ್ತಾಳೆ? ಅವಳು ಒಪ್ಪುವ ದೃಶ್ಯದಲ್ಲಿ ಗಿರಣಿಯ ಬಗ್ಗೆ ಮಾತೇ ಬೇಡ. ಬಂದಿರುವ ಡಬ್ಬಗಳನ್ನು ಮುಗಿಸಿಯೇ ಬಾಗಿಲು ಹಾಕುತ್ತೇನೆ ಅನ್ನಲಿ, ಅಥವಾ ಮೆಣಸಿನಕಾಯಿಯವನಿಗೆ ‘ನಾಳೆ ಬರ್ಬೇಡ’ ಅನ್ನಲಿ. ಏನು ಅನ್ನುತ್ತಾಳೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ತಿದ್ದಿ ಕಳಿಸುವುದಾದರೆ ಅವಸರ ಬೇಡ. ಹಳೆಯ ಪ್ರತಿಯಲ್ಲೇ ಅಲ್ಲಿಲ್ಲಿ ಕೆರೆಯುವ ಬದಲು, ಮೂರನೇ ಪುಟ ಒಂದನ್ನೇ ಮುಂದಿಟ್ಟುಕೊಂಡು ಮೊದಲಿನಿಂದ ಬರೆಯಿರಿ. ಈಗಿರುವುದಕ್ಕಿಂತ ಕಾಲುಭಾಗ ಕಡಿಮೆಯಾದರೂ ಪರವಾಗಿಲ್ಲ. ಮತ್ತೆ, ಯುನಿಕೋಡ್‌ನಲ್ಲೇ ಕಳಿಸಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬಂದ ಫೈಲನ್ನು ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ಕಲಸಿಹೋಗಿ, ನಿಮ್ಮ ತಪ್ಪು ಯಾವುದು, ಕಂಪ್ಯೂಟರಿನ ತಪ್ಪು ಯಾವುದು ಅಂತ ಈ ಸಲ ಒದ್ದಾಡಬೇಕಾಯಿತು.