ಕುಸ್ವಾರ್ ಮನೆಯಲ್ಲೇ ಆಗಲಿ

ಪ್ರಶ್ನೆ: ನಾವು ಮಂಗಳೂರಿನವರು. ಕ್ರಿಸ್‌ಮಸ್‌ಗೆ ನೆರೆಹೊರೆಯವರಿಗೆ ಹಂಚುವ ಬಗೆಬಗೆಯ ತಿಂಡಿಗಳಾದ ಕುಸ್ವಾರನ್ನು ಕಳೆದ ವರ್ಷ ಅಂಗಡಿಯಿಂದ ತರಿಸಿದಾಗ ಖರ್ಚು ಕೈಮೀರಿತು. ಮನೆಯಲ್ಲೇ ಮಾಡುವುದಾದರೆ ತಯಾರಿ ಯಾವಾಗ ಆರಂಭಿಸಬೇಕು?

ಉತ್ತರ: ನವೆಂಬರಿನಿಂದಲೇ ಎಳ್ಳು, ಒಣದ್ರಾಕ್ಷಿ, ಮೈದಾಗಳನ್ನು ತಿಂಗಳ ದಿನಸಿಯೊಂದಿಗೆ ಸ್ವಲ್ಪಸ್ವಲ್ಪವಾಗಿ ಕೊಂಡಿಟ್ಟರೆ ಡಿಸೆಂಬರಿನಲ್ಲಿ ಒಮ್ಮೆಲೇ ಹೊರೆ ಬೀಳುವುದಿಲ್ಲ. ಹತ್ತು ಬಗೆ ಮಾಡಲೇಬೇಕೆಂಬ ಹಟ ಬೇಡ. ಮೂರು ಸಾಕು ಎಂಬುದು ನನ್ನ ಅಭಿಪ್ರಾಯ. ತೆಂಗಿನಹಾಲಿನಲ್ಲಿ ಕಲಸಿದ ಹಿಟ್ಟನ್ನು ಮುಳ್ಳುಚಮಚದ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತುವ ಕಿಡಿಯೊ ಎಂಬ ತಿಂಡಿಯ ಕೆಲಸಕ್ಕೆ ಮಕ್ಕಳನ್ನೂ ಕೂರಿಸಿಕೊಳ್ಳಿ. ಅದನ್ನು ಗರಿಗರಿಯಾಗಿ ಕರಿದು, ಪೂರ್ತಿ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಮೊದಲೇ ಮಾಡಿಡಬಹುದು. ಕಾಯಿತುರಿ ತುಂಬುವ, ಕರ್ಜಿಕಾಯಿಯಂಥ ನೆವ್ರಿಯನ್ನು ಮಾತ್ರ ಹಬ್ಬದ ಹಿಂದಿನ ದಿನಗಳಿಗೆ ಉಳಿಸಿ, ತುರಿಯನ್ನು ತೇವವಾರುವವರೆಗೆ ಹುರಿಯಿರಿ. ಹಂಚಲು ತೊಳೆದೊಣಗಿಸಿದ ಹಾರ್ಲಿಕ್ಸ್ ಬಾಟಲಿಗಳೇ ಸಾಕು.